ಕಂಬಗಳು ನುಂಗಿದ ಪದ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ಊರಿನ ಬಾಯಿ ಮುಚ್ಚಿಸುವುದು ಎಂದು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ನಮ್ಮ ಜಾಡರಹಟ್ಟಿಯಲ್ಲಿ ಆರು ಸಾವಿರ ವಿದ್ಯುತ್ ಮಗ್ಗಗಳಿವೆ. ಹೆಚ್ಚಿನ ಮನೆಗಳಲ್ಲಿ ಮುಂದಿನ ಕೋಣೆಯಲ್ಲಿ ನಾಲ್ಕು ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಬೆಳಗ್ಗೆ ಆರಕ್ಕೆ ಶುರುವಾದ ಖಟಪಟ ರಾತ್ರಿ ಊಟದ ಹೊತ್ತಿನ ತನಕ ನಿಲ್ಲುತ್ತಿರಲಿಲ್ಲ. ನಲವತ್ತು ದಾಟಿದವರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ನನ್ನ ಅವ್ವ ಬಾಳವ್ವನಿಗೆ ನಾನು ಎಂಟನೆಯ ಇಯತ್ತೆಯಲ್ಲಿದ್ದಾಗಲೇ ಎರಡೂ ಕಿವಿ ಪೂರ್ತಿ ಹೋದವು. ಹಿಂದಿನಿಂದ ಕೂಗಿದರೆ ಆಕೆ ತಿರುಗುತ್ತಿರಲಿಲ್ಲ. ಆಕೆಗೆ ಸೊಕ್ಕು ಬಂದಿದೆ ಎಂದು ಓಣಿಯವರು ಒಂದು ವರ್ಷ ಆಡಿಕೊಂಡರು. ಆಮೇಲೆ ಆಡಿಕೊಂಡವರಿಗೂ ಕೇಳಿಸದಂತಾಯಿತು.

ಆ ಕಾರಣಕ್ಕೇ ನಾನು ಶಬ್ದದ ಎಂಜಿನಿಯರಿಂಗ್ ಓದಿದೆ, ಆ ಕಾರಣಕ್ಕೇ ಊರಿಗೆ ಮೌನಗಂಬಗಳು ಬರುತ್ತವೆ ಎಂದಾಗ ಮೊದಲ ಅರ್ಜಿ ಹಾಕಿದೆ. ಕಂಬದ ವಿದ್ಯೆ ಹೇಳುವುದಕ್ಕೆ ಸುಲಭ. ಶಬ್ದವೆಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆ ಏರುವಾಗ ಸರಿಯಾಗಿ ಅಷ್ಟೇ ಇಳಿಯುವ ಇನ್ನೊಂದು ಅಲೆಯನ್ನು ಬಿಟ್ಟರೆ ಎರಡೂ ಸೇರಿ ಸಮವಾಗಿ ಗಾಳಿ ಸುಮ್ಮನಾಗುತ್ತದೆ. ಕಂಬಕ್ಕೆ ಒಂದು ಕಿವಿ, ಒಂದು ಬಾಯಿ. ಊರಲ್ಲಿ ಅಂಥ ಇನ್ನೂರು ಕಂಬ, ಪ್ರತಿ ಮಗ್ಗದ ಕೋಣೆಗೂ ಅಂಥದೇ ಒಂದು ಪುಟ್ಟ ಪೆಟ್ಟಿಗೆ. ಇವನ್ನೆಲ್ಲ ಆಡಿಸುವ ಯಂತ್ರ ಹಳೇ ನೇಕಾರರ ಸಂಘದ ಕಟ್ಟಡದಲ್ಲಿ, ನಮ್ಮ ಕೇಂದ್ರದಲ್ಲಿದೆ. ಆ ಯಂತ್ರಕ್ಕೆ ಮಗ್ಗದ ಸದ್ದು ಯಾವುದು, ಮನುಷ್ಯರ ಮಾತು ಯಾವುದು ಎಂದು ಮೊದಲೇ ಕಲಿಸಿಕೊಡಬೇಕು. ಕಲಿಸಿದ್ದನ್ನಷ್ಟೇ ಅದು ನುಂಗುತ್ತದೆ, ಉಳಿದದ್ದನ್ನು ಬಿಡುತ್ತದೆ.

ಕಲಿಸುವುದಕ್ಕೆ ಒಂದು ವಾರ ಇಟ್ಟಿದ್ದೆವು. ಮಗ್ಗ ನಡೆಸಿರಿ, ಮಾತಾಡಬೇಡಿರಿ, ರೇಡಿಯೊ ಹಚ್ಚಬೇಡಿರಿ ಎಂದು ಡಂಗುರ ಹೊಡೆಸಿದೆವು. ಜನ ಪಾಪ, ಹೇಳಿದ್ದಕ್ಕಿಂತ ಹೆಚ್ಚೇ ನಡೆದುಕೊಂಡರು. ಜಗಳವನ್ನೂ ಸನ್ನೆಯಲ್ಲೇ ಆಡಿದರು. ಏಳು ದಿನದ ಧ್ವನಿಮುದ್ರಣವನ್ನು ನಾನೇ ಕೂತು ಕೇಳಿ, ಪ್ರತಿಯೊಂದಕ್ಕೂ ‘ಶುದ್ಧ ಮಗ್ಗ’ ಎಂದು ಗುರುತು ಹಾಕಿದೆ.

ಕಂಬಗಳು ಶುರುವಾದ ದಿನ ಊರು ತಬ್ಬಿಬ್ಬಾಯಿತು. ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತಿದೆ, ನೆಲ ನಡುಗುತ್ತಿದೆ, ಸದ್ದು ಮಾತ್ರ ಇಲ್ಲ. ಎಷ್ಟೋ ಜನ ಕೈ ಕಟ್ಟಿಕೊಂಡು ಮಗ್ಗದ ಮುಂದೆ ನಿಂತರು. ಒಂದು ವಾರ ಎಲ್ಲರೂ ಹಳೇ ರೂಢಿಯಲ್ಲಿ ಕಿರುಚಿಯೇ ಮಾತಾಡಿದರು. ಅತ್ತೆಯರು ಬೈದದ್ದು ಮೂರು ಮನೆಯಾಚೆ ಕೇಳಿಸಿತು. ಆಮೇಲೆ ದನಿ ತಗ್ಗಿತು. ಶಾಲೆಯ ಮಾಸ್ತರರು ಕೂತು ಪಾಠ ಹೇಳತೊಡಗಿದರು. ನನ್ನ ಒಂಬತ್ತು ತಿಂಗಳ ಮಗಳು ಗೌರಿಯ ಕಿವಿ ಪರೀಕ್ಷೆ ಮಾಡಿದ ಡಾಕ್ಟರು, ಈ ಊರಿನಲ್ಲಿ ಇಂಥ ಕಿವಿ ನೋಡಿ ಬಹಳ ವರ್ಷವಾಯಿತು ಎಂದರು. ಬಾಣಂತನಕ್ಕೆ ಬಂದವಳು ಕೆಲಸಕ್ಕಾಗಿ ತವರಲ್ಲೇ ಉಳಿದಿದ್ದೆ. ಗಂಡ ಇಳಕಲ್ಲಿನಲ್ಲಿ ಮಾಸ್ತರ, ಶನಿವಾರ ಬರುತ್ತಿದ್ದ. ಆ ಶನಿವಾರ ಇಬ್ಬರೂ ಕೂಸಿನ ಕಿವಿಯ ಹತ್ತಿರ ಚಿಟಿಕೆ ಹೊಡೆದು ಹೊಡೆದು ಖುಷಿಪಟ್ಟೆವು.

ಸೋಮವಾರ ಬಂತು. ಸೋಮವಾರ ಸಂಜೆ ಗುಡಿಯ ಪಡಸಾಲೆಯಲ್ಲಿ ಮಗ್ಗದ ಮೇಳ ಕೂಡುತ್ತದೆ. ಅದನ್ನು ಕೇಳದವರಿಗೆ ಸ್ವಲ್ಪ ಹೇಳಬೇಕು. ಜಾಡರಹಟ್ಟಿಯ ಪದಗಳು ಮಗ್ಗದಿಂದಲೇ ಹುಟ್ಟಿದವು. ನಮ್ಮ ತೆಗ್ಗಿನ ಓಣಿಯ ಮಗ್ಗಗಳು ಹಳೆಯವು, ನಡುವೆ ಒಂದು ಪೆಟ್ಟು ತಪ್ಪಿಸಿ ಬಡಿಯುತ್ತವೆ. ಆ ಓಣಿಯ ಪದವೂ ಕುಂಟುತ್ತಲೇ ನಡೆಯುತ್ತದೆ. ಮೇಲಿನ ಓಣಿಯದು ಓಡುವ ಪದ. ಹೆಂಗಸರ ಸೊಲ್ಲು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವ ಚಕ್ರದ ಗುಂಯ್‌ಗುಡುವಿಕೆಯಿಂದ ಬಂದದ್ದು. ಪಡಸಾಲೆಯಲ್ಲಿ ಒಂದು ಹಳೇ ಮಗ್ಗವಿದೆ. ನೂಲಿಲ್ಲದೆ ಅದನ್ನು ಬರಿದೇ ಓಡಿಸಿ, ಅದರ ಮೇಲೆ ಐವತ್ತು ಜನ ಹಾಡುತ್ತಾರೆ. ಮೂವತ್ತು ವರ್ಷದಿಂದ ಮುಂದೆ ಹಾಡುವವನು ನನ್ನ ಅಪ್ಪ ಪರಪ್ಪ.

ಮೇಳದ ಮಗ್ಗದ ಸದ್ದು ಹೋಗುತ್ತದೆಂದು ಗೊತ್ತಿತ್ತು. ಬದಲಿಗೆ ದಮಡಿ ಬಡಿಯುವುದೆಂದು ಮಾತಾಗಿತ್ತು. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆ ಕೆಮ್ಮು ಚೆನ್ನಾಗಿ ಕೇಳಿಸಿತು. ಆಮೇಲೆ ಬಾಯಿ ತೆರೆದ.

‘ಹೋಗಿ ಬಾ ಲಾಳಿ ಹೋಗಿ ಬಾ, ಆಚೀ ದಡದ ಸುದ್ದಿ ತಗೊಂಡು ಬಾ’ ಎಂಬ ಪದ ಅದು. ಅವನ ತುಟಿ ನೋಡಿದ್ದರಿಂದ ನನಗೆ ಗೊತ್ತಾಯಿತು. ಕೇಳಿಸಿದ್ದು ಬರೀ ಉಸಿರು. ಐವತ್ತು ಜನ ಸೇರಿ ಎತ್ತಿಕೊಂಡರು, ಕತ್ತಿನ ನರ ಉಬ್ಬಿದವು, ಆದರೂ ಉಸಿರಷ್ಟೇ. ಮೊದಲು ಜನ ನಕ್ಕರು. ಯಾರೋ ಬೇರೊಂದು ಭಜನೆ ಎತ್ತಿದರೆ ಅದು ಕೇಳಿಸಿತು. ಮತ್ತೆ ಮಗ್ಗದ ಪದ ಎತ್ತಿದರೆ ಮಾಯ. ನಗು ನಿಂತಿತು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಇವತ್ತಿಗೆ ಸಾಕು ಎಂದು ಎದ್ದುಬಿಟ್ಟ.

ಯಂತ್ರ ಕೆಟ್ಟಿದೆ ಎಂದುಕೊಂಡು ನಾನು ಏಳು ವಾರ ಹುಡುಕಿದೆ. ಕಂಬ ಕಂಬ ಹತ್ತಿ ಇಳಿದೆ. ಎಲ್ಲವೂ ಸರಿಯಾಗಿತ್ತು. ಕಡೆಗೆ ಕೇಂದ್ರಕ್ಕೆ ಹೊಸದಾಗಿ ಬಂದ ಲವೀನಾ ಪಿಂಟೊಳಿಗೆ ಕಲಿಕೆಯ ವಾರದ ಮುದ್ರಣ ಕೇಳಿಸಿದೆ. ಆಕೆ ಮಂಗಳೂರಿನ ಕಡೆಯವಳು, ಮಗ್ಗವನ್ನು ಹುಟ್ಟಿದ ಮೇಲೆ ನೋಡಿದ್ದೇ ಮೊದಲ ಸಲ. ಅರ್ಧ ನಿಮಿಷಕ್ಕೆ ಹೆಡ್‌ಫೋನ್ ತೆಗೆದಳು.

“ಇದರಲ್ಲಿ ಯಾರೋ ಹಾಡ್ತಾ ಇದ್ದಾರಲ್ಲ ಮಾರಾಯ್ತಿ. ನಿಂಗೆ ಕೇಳಿಸುದಿಲ್ವಾ?”

ಕೇಳಿಸುತ್ತಿರಲಿಲ್ಲ. ಆಕೆ ಬೆರಳು ಇಟ್ಟು ತೋರಿಸಿದ ಮೇಲೂ ಹತ್ತು ಸಲ ಕೇಳಬೇಕಾಯಿತು. ಹನ್ನೊಂದನೆಯ ಸಲ ಕೇಳಿಸಿತು. ಖಟಪಟದ ಅಡಿಯಲ್ಲಿ, ಮೂಗಿನಲ್ಲಿ, ಒಂದು ಗುನುಗು. ಒಬ್ಬಿಬ್ಬರದಲ್ಲ, ಎಲ್ಲ ಮಗ್ಗದ ಅಡಿಯಲ್ಲೂ ಇತ್ತು.

ನಮ್ಮಲ್ಲಿ ಗುನುಗದೆ ಯಾರೂ ನೇಯುವುದಿಲ್ಲ. ಒಂದು ಕಂಡಿಕೆಯ ನೂಲು ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟೇ ಉದ್ದ ಪದದ ಒಂದು ನುಡಿ. ನುಡಿ ಮುಗಿಯಿತೆಂದರೆ ಕೈ ತಾನಾಗಿ ಹೊಸ ಕಂಡಿಕೆಗೆ ಹೋಗುತ್ತದೆ. ನಾಲ್ಕು ಮಗ್ಗವನ್ನು ಒಬ್ಬನೇ ನೋಡಿಕೊಳ್ಳುವುದು ಹಾಗೆ. ಇದು ಹಾಡುವುದು ಎಂದು ಯಾರಿಗೂ ಅನಿಸಿಲ್ಲ, ಉಸಿರಾಡುವುದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಬಾಯಿ ಮುಚ್ಚಿಕೊಂಡಿರಿ ಎಂದರೆ ಜನ ಬಾಯಿ ಮುಚ್ಚಿಕೊಂಡೇ ಗುನುಗಿದ್ದರು. ಯಂತ್ರ ಅದನ್ನೂ ಮಗ್ಗದ ಒಂದು ಭಾಗವೆಂದೇ ಕಲಿತಿತ್ತು. ಹೊರಗಿನವರು ಯಾರು ಕೂತಿದ್ದರೂ ಮೊದಲ ದಿನವೇ ಹಿಡಿಯುತ್ತಿದ್ದರು. ಕೂತದ್ದು ಮಗ್ಗದ ಮನೆಯಲ್ಲಿ ಹುಟ್ಟಿದ ನಾನು.

ಅಪ್ಪನಿಗೆ ಹೇಳುವಾಗ ನನಗೆ ಅಳು ಬಂತು. ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ.

“ನಿನಗ ಕೇಳ್ಸಲಿಲ್ಲಂದ್ರ ನೀ ನಮ್ಮ ಪೈಕೀನ ಅದಿ ಬಿಡು,” ಎಂದ. ಆಮೇಲೆ, “ಕೂಸಿನ ಕಿವಿ ಉಳದೈತಿ. ಪದ ಹೋದ್ರ ಹೋಗ್ಲಿ,” ಎಂದ.

ಅವನು ಹಾಗೆಂದ ರೀತಿ ನನಗೆ ಸಹಿಸಲಾಗಲಿಲ್ಲ. ಕೂಸಿನ ಕಿವಿಯೂ ಬೇಕು, ಆ ಕಿವಿಗೆ ಕೇಳಿಸಲು ಅಜ್ಜನ ಪದವೂ ಬೇಕು ಎಂದು ಹಟ ಹಿಡಿದೆ. ಆದರೆ ದಿನಗಳು ಕಡಿಮೆಯಿದ್ದವು. ಕಂಬ ಶುರುವಾದ ತೊಂಬತ್ತನೆಯ ದಿನ ಯಂತ್ರದ ಕಲಿಕೆಗೆ ಮುದ್ರೆ ಬೀಳುತ್ತದೆ. ನಾಳೆ ಯಾರೋ ಅಧಿಕಾರದಲ್ಲಿರುವವರು ತಮಗಾಗದವರ ಭಾಷಣವನ್ನು ಕಂಬಗಳಿಂದ ನುಂಗಿಸಬಾರದಲ್ಲ, ಅದಕ್ಕೆ ಆ ಕಾನೂನು. ಒಳ್ಳೆಯ ಕಾನೂನೇ. ಮುದ್ರೆ ಬಿದ್ದ ಮೇಲೆ ಯಂತ್ರ ಏನು ನುಂಗುತ್ತಿದೆಯೋ ಅದನ್ನು ಕೊನೆಯ ತನಕ ನುಂಗುತ್ತದೆ. ಆಗ ಅರವತ್ತೆರಡನೆಯ ದಿನ.

ದಾರಿ ಎರಡಿದ್ದವು. ಗುನುಗಿಲ್ಲದ ಮಗ್ಗವನ್ನು ಯಂತ್ರಕ್ಕೆ ಹೊಸದಾಗಿ ಕೇಳಿಸಬೇಕು. ಇಲ್ಲವೇ ಮಗ್ಗವಿಲ್ಲದ ಗುನುಗನ್ನು ಕೇಳಿಸಿ, ಇದು ಮನುಷ್ಯರದು, ಬಿಡು ಎನ್ನಬೇಕು.

ಮೊದಲಿನದಕ್ಕೆ ನೇಕಾರರು ಬಾಯಲ್ಲಿ ನೀರು ತುಂಬಿಕೊಂಡು ನೇಯ್ದರು. ಉಪಾಯ ಯಾರದೋ ಗೊತ್ತಿಲ್ಲ, ಮೂರೇ ದಿನದಲ್ಲಿ ಊರೆಲ್ಲ ಕೆನ್ನೆ ಉಬ್ಬಿಸಿಕೊಂಡು ತಿರುಗಿತು. ನುಡಿಯಿಲ್ಲದೆ ಕಂಡಿಕೆ ಎಲ್ಲಿ ಮುಗಿಯುತ್ತದೆಂದು ಕೈಗೆ ತಿಳಿಯಲಿಲ್ಲ. ಸೀರೆಗಳ ನಡುವೆ ನೂಲಿಲ್ಲದ ಗೀರುಗಳು ಬಿದ್ದವು. ಗೀರು ಬಿದ್ದ ಗಾಬರಿಗೆ ನೀರು ನುಂಗಿದರು, ನುಂಗಿದವರು ಮತ್ತೆ ಗುನುಗಿದರು. ಹತ್ತು ದಿನದ ಮುದ್ರಣದಲ್ಲಿ ಲವೀನಾಗೆ ಇಪ್ಪತ್ತು ನಿಮಿಷದ ಶುದ್ಧ ಮಗ್ಗವೂ ಸಿಗಲಿಲ್ಲ. ನೇಕಾರರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.

ಎರಡನೆಯದಕ್ಕೆ ಮೇಳದ ಹನ್ನೆರಡು ಜನರನ್ನು ಕೇಂದ್ರದ ಮುಚ್ಚಿದ ಕೋಣೆಯಲ್ಲಿ ಕೂರಿಸಿದೆವು. ಕಂಬದ ಆಟ ಅಲ್ಲಿ ನಡೆಯುವುದಿಲ್ಲ. ಗುನುಗಿರಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತ್ತಿದ ಪದ ಎರಡು ಸಾಲಿಗೆ ದಿಕ್ಕು ತಪ್ಪಿ ಯಾವುದೋ ಭಜನೆಯಾಯಿತು. ಮಗ್ಗದ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿದರೆ, ಆ ಗದ್ದಲಕ್ಕೆ ಎಲ್ಲರೂ ಕಿರುಚಿದರು. ಕಿರುಚಿದ್ದು ಗುನುಗಿಗೆ ಹೊಂದುವುದಿಲ್ಲ ಎಂದಿತು ಯಂತ್ರ. ಅಪ್ಪ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

“ಮೊದಲ ಮಗ್ಗ ಹಾಡತೈತಿ, ಆಮ್ಯಾಲ ನಾವು. ಅದ ಸುಮ್ನಿದ್ರ ನಾವೇನ್ ಹಾಡೂಣು?”

ಎಲ್ಲರೂ ಚಹಾ ಕುಡಿದು ಮನೆಗೆ ಹೋದರು. ಎಂಬತ್ತನೆಯ ದಿನ ಅದು. ಲವೀನಾ ಪ್ರಯತ್ನ ಬಿಡೋಣವೇ ಎಂದು ಕೇಳಿದಳು. ನಾನು ಚೀಲ ಹೆಗಲಿಗೇರಿಸಿಕೊಂಡೆ.

ಮರುದಿನ ರಜೆ ಹಾಕಿ ಮನೆಯಲ್ಲೇ ಇದ್ದೆ. ಅವ್ವ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೌರಿಯನ್ನು ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ಅವ್ವನ ದಿನಚರಿ ನಾನು ಎಂದೂ ಸರಿಯಾಗಿ ನೋಡಿದವಳಲ್ಲ. ಆಕೆಯೊಡನೆ ಮಾತೆಂದರೆ ಮಗ್ಗದ ಮನೆಯವರ ಸನ್ನೆ, ಇಲ್ಲವೇ ಎದುರು ನಿಂತು ತುಟಿ ಆಡಿಸುವುದು. ಆಕೆ ಮೇಳಕ್ಕೆ ಹೋಗುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಕೇಳಿಸದವಳಿಗೆ ಮೇಳ ಯಾತಕ್ಕೆ ಎಂದು ಯಾರೂ ಕರೆದಿರಲಿಲ್ಲ, ನಾವೂ ಕರೆದಿರಲಿಲ್ಲ.

ಕೂಸು ಅಜ್ಜಿಯ ಬೆನ್ನಿಗೆ ಕಿವಿ ಒತ್ತಿ ಮಲಗಿತ್ತು. ನಿದ್ದೆ ಮಾಡಿರಲಿಲ್ಲ. ಕಣ್ಣು ಅರಳಿಸಿಕೊಂಡು, ಪುಟ್ಟ ಅಂಗೈಯಿಂದ ಅಜ್ಜಿಯ ಭುಜ ತಟ್ಟುತ್ತಿತ್ತು. ರೊಟ್ಟಿಯ ಬಡಿತಕ್ಕೆ ತಟ್ಟುತ್ತಿದೆ ಎಂದುಕೊಂಡೆ. ಆದರೆ ಅವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ ಕೈ ಬಿಟ್ಟಾಗಲೂ ತಟ್ಟುತ್ತಲೇ ಇತ್ತು, ಒಂದು ಪೆಟ್ಟು ಬಿಟ್ಟು, ಕುಂಟುತ್ತ, ತೆಗ್ಗಿನ ಓಣಿಯ ಮಗ್ಗಗಳು ಬಡಿಯುವ ಹಾಗೆ.

ನಾನು ಹೋಗಿ ಕೂಸಿನ ಪಕ್ಕದಲ್ಲಿ ಅವ್ವನ ಬೆನ್ನಿಗೆ ಕಿವಿ ಇಟ್ಟೆ. ಒಳಗೆ ಪದ ನಡೆದಿತ್ತು. ‘ಹೋಗಿ ಬಾ ಲಾಳಿ’ಯ ಹೆಂಗಸರ ಸೊಲ್ಲು, ಚಕ್ರದ ಗುಂಯ್‌ಗುಡುವಿಕೆಯೊಂದಿಗೆ, ಒಂದು ಎಳೆಯೂ ತಪ್ಪದೆ. ಹೊರಗಿನ ಗಾಳಿಯಲ್ಲಿ ಕಂಬಗಳು ಅದನ್ನು ನುಂಗುತ್ತಿದ್ದವು. ಅವು ಬರುವ ಮುಂಚೆ ಮಗ್ಗಗಳು ನುಂಗುತ್ತಿದ್ದವು. ಇಪ್ಪತ್ತು ವರ್ಷ ಆಕೆ ದಿನಾ ಹಾಡಿದ್ದಾಳೆ, ಒಬ್ಬರೂ ಕೇಳಿಲ್ಲ. ಆಕೆಗೆ ಮಗ್ಗ ನಿಂತರೂ ಒಂದೇ ನಡೆದರೂ ಒಂದೇ. ಆಕೆಯ ಮಗ್ಗ ಆಕೆಯ ಒಳಗೇ ಇತ್ತು. ನಾನು ಆಕೆಯ ಬೆನ್ನಿಗೆ ಮುಖ ಒತ್ತಿ ಅತ್ತುಬಿಟ್ಟೆ. ಅವ್ವ ತಿರುಗಿ, ಹಸಿವಾಯಿತೇನು ಎಂದು ಸನ್ನೆ ಮಾಡಿದಳು.

ಲವೀನಾ ಮೈಗೆ ಅಂಟಿಸುವ ಮೈಕು ತಂದಳು, ಡಾಕ್ಟರರು ಎದೆಯ ಮೇಲಿಡುವ ಬಿಲ್ಲೆಯಂಥದು. ಮಗ್ಗದ ಮುಂದೆ ನಿಂತವರಿಗೆ ಇದನ್ನು ಹಚ್ಚಿದರೆ ಪ್ರಯೋಜನವಿಲ್ಲ, ಅವರ ಮೈಯೂ ಮಗ್ಗದ ಜೊತೆ ನಡುಗುತ್ತದೆ. ಒಲೆಯ ಮುಂದೆ ಕೂತ ಅವ್ವನ ಮೈ ನಡುಗುತ್ತಿರಲಿಲ್ಲ. ಐದು ದಿನ ಆಕೆ ರೊಟ್ಟಿ ಬಡಿದಳು, ನಾವು ಮುದ್ರಿಸಿಕೊಂಡೆವು. ಬೆನ್ನಿಗೆ ಯಾವ ಪಟ್ಟಿ ಹಚ್ಚಿದಿರಿ ಎಂದು ಕೇಳಿದ್ದಕ್ಕೆ, ನೋವಿನದು ಎಂದೆ. ಹಾಡುತ್ತಿದ್ದೀಯ ಎಂದು ಹೇಳಿದರೆ ನಾಚಿ ನಿಲ್ಲಿಸಿಬಿಡುತ್ತಾಳೆಂದು ಹೆದರಿಕೆಯಿತ್ತು. ಆಕೆಗೇ ಹೇಳದೆ ಆಕೆಯ ದನಿ ತೆಗೆದುಕೊಂಡದ್ದು ಸರಿಯಲ್ಲ, ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ತೊಂಬತ್ತನೆಯ ದಿನ ಸೋಮವಾರವೇ ಬಂತು. ಮಧ್ಯಾಹ್ನ ಯಂತ್ರಕ್ಕೆ ಹೊಸ ಕಲಿಕೆ ಹಾಕಿದೆವು. ಸಂಜೆ ಆರಕ್ಕೆ ಮುದ್ರೆ. ಐದಕ್ಕೆ ಪಡಸಾಲೆಯಲ್ಲಿ ಮೇಳ ಕೂಡಿತು. ಅಪ್ಪ ಎತ್ತಿದ. ಉಸಿರು ಕೇಳಿಸಿತು, ಬರೀ ಉಸಿರು. ಮತ್ತೆ ಎತ್ತಿದ. ನಡುವೆ ಒಂದೆರಡು ಶಬ್ದ ಗಾಳಿಯಲ್ಲಿ ಹೊಳೆದು ಹೋದವು. ಹಿಂದಿನ ಸಾಲಿನ ಇಬ್ಬರು ಮುದುಕಿಯರ ಸೊಲ್ಲು ಸ್ವಲ್ಪ ಹೆಚ್ಚು ಕೇಳಿಸಿತು. ಉಳಿದವರದು ಇಲ್ಲ.

ನಾನು ಕೇಂದ್ರಕ್ಕೆ ಓಡಿದೆ. ಲವೀನಾ ಪರದೆಯ ಮೇಲೆ ಎರಡು ಗೆರೆ ತೋರಿಸಿದಳು, ಒಂದು ಅಪ್ಪನದು, ಒಂದು ಅವ್ವನದು. ಒಂದೇ ಪದ, ಆದರೆ ನಡಿಗೆ ಬೇರೆ. ವರ್ಷ ವರ್ಷಕ್ಕೂ ಮಗ್ಗಗಳು ಹೆಚ್ಚಿದಂತೆ ಅಪ್ಪ ದನಿ ಏರಿಸುತ್ತ, ಎಳೆಯುತ್ತ, ಆ ಗದ್ದಲದಲ್ಲಿ ಈಜುತ್ತ ಪದವನ್ನು ಬದಲಿಸಿಕೊಂಡಿದ್ದ. ಅವನಿಗೂ ಅದು ಗೊತ್ತಿರಲಿಲ್ಲ. ಅವ್ವನದು ಕಿವಿ ಹೋದ ದಿನಕ್ಕೇ ನಿಂತಿತ್ತು, ಇಪ್ಪತ್ತು ವರ್ಷದ ಹಿಂದೆ ಹೇಗಿತ್ತೋ ಹಾಗೇ. ಯಂತ್ರ ಮನುಷ್ಯರದೆಂದು ಕಲಿತದ್ದು ಅವಳ ನಡಿಗೆಯನ್ನು ಮಾತ್ರ. ಬೇರೇನಾದರೂ ಕಲಿಸಲು ಅರ್ಧ ತಾಸಷ್ಟೇ ಉಳಿದಿತ್ತು. ಇರುವ ಒಂದನ್ನು ಕಳೆದುಕೊಳ್ಳುವುದು ಬೇಡ ಎಂದೆ. ಆರಕ್ಕೆ ಮುದ್ರೆ ಬಿತ್ತು.

ಆ ಸಂಜೆ ಅಪ್ಪನಿಗೆ ವಿಷಯ ತಿಳಿಸಿದೆ. ಮೂವತ್ತು ವರ್ಷ ಮುಂದೆ ಹಾಡಿದವನಿಗೆ, ನಿನ್ನ ಪದ ಇನ್ನು ನಡೆಯುವುದಿಲ್ಲ, ನಿನ್ನ ಹೆಂಡತಿಯದು ನಡೆಯುತ್ತದೆ ಎನ್ನುವುದು ನನಗೂ ಕಷ್ಟವಾಯಿತು. ಊಟ ಮಾಡದೆ ಮಲಗಿದ.

ಬೆಳಗ್ಗೆ ನಾನು ಎದ್ದಾಗ ಮನೆಯಲ್ಲಿ ಹಾಡು ಕೇಳಿಸುತ್ತಿತ್ತು.

ಮೊದಲು ರೊಟ್ಟಿಯ ಬಡಿತ, ಅದರ ಮೇಲೆ ಒಂದು ಹೆಣ್ಣುದನಿ, ಸ್ವಲ್ಪ ಒರಟು, ಸ್ವಲ್ಪ ಮೂಗಿನದು. ಅವ್ವನ ದನಿಯಲ್ಲಿ ಪದ ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಯಾರೋ ಬಂದಿದ್ದಾರೆ ಎಂದುಕೊಂಡು ಸೀರೆ ಸರಿಮಾಡಿ, ಕೂಸನ್ನೆತ್ತಿಕೊಂಡು ಹೋದೆ. ಕೂಸು ನನ್ನ ಹೆಗಲ ಮೇಲಿಂದಲೇ ದನಿ ಬಂದ ಕಡೆ ಕತ್ತು ಹೊರಳಿಸಿತು. ಒಲೆಯ ಮುಂದೆ ಅವ್ವ ಹಿಟ್ಟು ನಾದುತ್ತ ಹಾಡುತ್ತಿದ್ದಳು. ಎದುರಿಗೆ, ನೆಲದ ಮೇಲೆ, ಅಪ್ಪ ಚಕ್ಕಳಮಕ್ಕಳ ಹಾಕಿ ಕೂತು ಆಕೆಯ ತುಟಿಗಳನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ ಆಕೆ ಅವನ ತುಟಿ ನೋಡಿ ಸಂಸಾರ ಮಾಡಿದ್ದಳು. ಈಗ ಅವನು ಆಕೆಯ ತುಟಿ ನೋಡಿ, ಒಂದೊಂದು ಶಬ್ದ ಹಿಂದೆ ಬಿದ್ದು, ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ನಾಲ್ಕರಲ್ಲಿ ಒಂದು ಶಬ್ದ ಗಾಳಿಗೆ ಬರುತ್ತಿತ್ತು. ಬಂದಾಗ ಅವನು ಬೆರಳು ಮಡಚುತ್ತಿದ್ದ. ಬಾಗಿಲಲ್ಲಿ ಮೇಳದ ನಾಲ್ಕೈದು ಜನ ಆಗಲೇ ಬಂದು, ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಕೂತಿದ್ದರು.

ಅವ್ವ ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದಳು. ಹಾಡು ನಿಂತಿತು. ಹಿಟ್ಟಿನ ಕೈಯಿಂದಲೇ ಸೆರಗು ಎಳೆದುಕೊಂಡಳು.

“ಯಾಕ ಹಿಂಗ ನೋಡಾಕತ್ತೀರಿ? ನಾ ಜೋರ ಏನರ ಅಂದ್ನೇನು?”

ಅಪ್ಪ ಸನ್ನೆ ಮಾಡಲಿಲ್ಲ. ಆಕೆಗೆ ತುಟಿ ಕಾಣುವ ಹಾಗೆ ಇನ್ನೂ ಸ್ವಲ್ಪ ಹತ್ತಿರ ಸರಿದು ಕೂತ.

“ಇನ್ನೊಮ್ಮಿ ಹಾಡು,” ಎಂದ. “ನನಗ ಬರವಲ್ದು.”